ಮೂಲೆಯಲ್ಲೊಂದು ವಿಜೆಟ್ ಅಂಟಿಸಿದರೆ ಜಾಲತಾಣ ಎಲ್ಲರಿಗೂ ತೆರೆದುಕೊಳ್ಳುತ್ತದೆಯೇ?

ಪ್ರಶ್ನೆ: ನಮ್ಮದು ಕನ್ನಡದ ಒಂದು ಸಣ್ಣ ಜಾಲತಾಣ. ಲೇಖನಗಳು, ವಿಡಿಯೊ ಪಾಠಗಳು, ಇಳಿಸಿಕೊಳ್ಳಲು ಪಿಡಿಎಫ್‌ಗಳು, ತರಗತಿಗೆ ಹೆಸರು ನೋಂದಾಯಿಸುವ ಒಂದು ಫಾರಂ, ಇಷ್ಟಿವೆ. ಪುಟದಲ್ಲಿರುವುದನ್ನು ಧ್ವನಿಯಲ್ಲಿ ಓದಿಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವ ಓದುಗರೊಬ್ಬರು ಫಾರಂ ತುಂಬಲು ಆಗುತ್ತಿಲ್ಲ, ಪಿಡಿಎಫ್ ಓದಿಸಿದರೆ ಅರ್ಥವಿಲ್ಲದ ಸದ್ದು ಬರುತ್ತದೆ ಎಂದು ಬರೆದಿದ್ದಾರೆ. ಒಂದು ಸಾಲಿನ ಸ್ಕ್ರಿಪ್ಟ್ ಸೇರಿಸಿದರೆ ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಚಿಹ್ನೆಯ ಬಟನ್ (ವಿಜೆಟ್) ಬಂದು ಎಲ್ಲ ಸರಿಹೋಗುತ್ತದೆ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ಅದು ಸಾಕೇ? ಸಾಲದಿದ್ದರೆ, ಒಬ್ಬ ಡೆವಲಪರ್ ಮತ್ತು ಇಬ್ಬರು ಬರಹಗಾರರಷ್ಟೇ ಇರುವ ನಾವು ಎಲ್ಲಿಂದ ಶುರುಮಾಡಬೇಕು?

ಉತ್ತರ: ಸಾಲದು. ಏಕೆ ಸಾಲದು ಎಂಬುದು ಗೊತ್ತಾದರೆ ಎಲ್ಲಿಂದ ಶುರುಮಾಡಬೇಕು ಎಂಬುದೂ ಗೊತ್ತಾಗುತ್ತದೆ, ಹಾಗಾಗಿ ಅಲ್ಲಿಂದಲೇ ಹೊರಡೋಣ.

ಸ್ಕ್ರೀನ್ ರೀಡರ್ ಪರದೆಯ ಚಿತ್ರವನ್ನು ನೋಡಿ ಓದುವುದಿಲ್ಲ. ಬ್ರೌಸರ್ ನಿಮ್ಮ ಪುಟದ ಕೋಡ್‌ನಿಂದ ಒಂದು ವಿವರಪಟ್ಟಿ ಕಟ್ಟಿ ಅದರ ಕೈಗೆ ಕೊಡುತ್ತದೆ. ಆಕ್ಸೆಸಿಬಿಲಿಟಿ ಟ್ರೀ ಎಂದು ಅದಕ್ಕೆ ಹೆಸರು. ಪುಟದಲ್ಲಿ ಒತ್ತಬಹುದಾದ, ತುಂಬಬಹುದಾದ ಪ್ರತಿಯೊಂದರ ಬಗ್ಗೆಯೂ ಆ ಪಟ್ಟಿಯಲ್ಲಿ ಮೂರು ಸಂಗತಿ ಇರಬೇಕು: ಅದರ ಹೆಸರೇನು, ಅದು ಎಂಥದ್ದು (ಬಟನ್ನೋ, ಲಿಂಕೋ, ಟಿಕ್ ಹಾಕುವ ಚೌಕವೋ), ಈಗ ಯಾವ ಸ್ಥಿತಿಯಲ್ಲಿದೆ. ನಿಮ್ಮ ಫಾರಂನಲ್ಲಿ ಹೆಸರಿಲ್ಲದ ಚೌಕವಿದ್ದರೆ ಕೇಳುವವರಿಗೆ ಬರುವುದು ‘ಎಡಿಟ್, ಬ್ಲ್ಯಾಂಕ್’ ಎಂಬ ಎರಡೇ ಮಾತು. ಅಲ್ಲಿ ಹೆಸರು ಬರೆಯಬೇಕೋ ಇಮೇಲ್ ಬರೆಯಬೇಕೋ ತಿಳಿಯುವ ದಾರಿಯೇ ಇಲ್ಲ.

ವಿಜೆಟ್ ಏನು ಮಾಡುತ್ತದೆ? ಪುಟ ತೆರೆದ ಮೇಲೆ ಓಡಿ, ಇಲ್ಲದ ಹೆಸರುಗಳನ್ನು ಊಹಿಸಿ ತುಂಬಲು ನೋಡುತ್ತದೆ. ಊಹೆ ಊಹೆಯೇ. ಎರಡು ಚೌಕಗಳಲ್ಲಿ ಯಾವುದು ವಿದ್ಯಾರ್ಥಿಯ ಹೆಸರು, ಯಾವುದು ಪೋಷಕರ ಹೆಸರು ಎಂಬುದು ನಿಮಗೆ ಗೊತ್ತೇ ಹೊರತು ಅದಕ್ಕಲ್ಲ. ಅಕ್ಷರ ದೊಡ್ಡದು ಮಾಡುವ, ಬಣ್ಣ ತಿರುವುಮುರುವು ಮಾಡುವ ಅದರ ಬಟನ್‌ಗಳು ಬೇಕಿದ್ದವರ ಫೋನು, ಕಂಪ್ಯೂಟರುಗಳಲ್ಲಿ ಆ ಸೌಲಭ್ಯ ಮೊದಲೇ ಇದೆ, ಅದೂ ಎಲ್ಲ ಜಾಲತಾಣಗಳಿಗೆ ಅನ್ವಯವಾಗುವಂತೆ. ಮೇಲಾಗಿ, ವಿಜೆಟ್ಟಿನ ಕೀಲಿಗಳು ಸ್ಕ್ರೀನ್ ರೀಡರಿನ ಕೀಲಿಗಳೊಂದಿಗೆ ಡಿಕ್ಕಿ ಹೊಡೆಯುವುದುಂಟು. ಇಂಥ ಬಟನ್ ಕಂಡರೆ ಅದನ್ನು ತಡೆಹಿಡಿಯುವ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿಕೊಂಡಿರುವ ಬಳಕೆದಾರರೂ ಇದ್ದಾರೆ. ಇಂಥದೊಂದು ಉತ್ಪನ್ನ ಯಾವುದೇ ಜಾಲತಾಣವನ್ನೂ ನಿಯಮಬದ್ಧ ಮಾಡಿಬಿಡುತ್ತದೆ ಎಂದು ಜಾಹೀರಾತು ಕೊಟ್ಟ ಕಂಪನಿಗೆ 2025ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 10 ಲಕ್ಷ ಡಾಲರ್ ಕಟ್ಟುವಂತೆ ಆದೇಶಿಸಿತು. ಗೋಡೆ ಬಿರುಕು ಬಿಟ್ಟಿದ್ದರೆ ಮೇಲೆ ಕ್ಯಾಲೆಂಡರ್ ನೇತುಹಾಕುವ ಕೆಲಸ ಇದು.

ಆ ಹಣವನ್ನೂ ಸಮಯವನ್ನೂ ಮೂಲ ಕೋಡ್‌ಗೆ ಹಾಕಿ. ಅಳತೆಗೋಲು ಬೇಕೆಂದರೆ, ಎಲ್ಲರೂ ಬಳಸಬಲ್ಲ ಜಾಲತಾಣ ಹೇಗಿರಬೇಕೆಂದು ಹೇಳುವ, ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಡಬ್ಲ್ಯುಸಿಎಜಿ ಮಾರ್ಗಸೂಚಿ ಇದೆ. ಈಗಿನ ಆವೃತ್ತಿ 2.2 ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಅದರಲ್ಲಿ ಎ, ಎಎ, ಎಎಎ ಎಂಬ ಮೂರು ಹಂತಗಳಿದ್ದು, ಸಾಮಾನ್ಯವಾಗಿ ಎಲ್ಲರೂ ಗುರಿಯಾಗಿಟ್ಟುಕೊಳ್ಳುವುದು ಎಎ. ಪೂರ್ತಿ ಓದಿ ಮುಗಿಸಿ ಆಮೇಲೆ ಕೆಲಸಕ್ಕೆ ಕೈಹಾಕುತ್ತೇವೆ ಅಂದುಕೊಳ್ಳಬೇಡಿ. ಕೆಳಗಿನದು ನಿಮ್ಮ ಜಾಲತಾಣಕ್ಕೆ ಹೊಂದುವ ಕ್ರಮ.

ಮೊದಲು ಮೌಸ್ ಪಕ್ಕಕ್ಕಿಡಿ

ಇದಕ್ಕೆ ಯಾವ ಸಾಧನವೂ ಬೇಡ. ಮುಖಪುಟದಿಂದ ಫಾರಂವರೆಗೆ ಕೀಬೋರ್ಡಿನಲ್ಲೇ ಹೋಗಿ, ತುಂಬಿ, ಕಳಿಸಿ. ಟ್ಯಾಬ್ ಒತ್ತಿದರೆ ಮುಂದಕ್ಕೆ, ಶಿಫ್ಟ್ ಜೊತೆ ಟ್ಯಾಬ್ ಒತ್ತಿದರೆ ಹಿಂದಕ್ಕೆ. ಲಿಂಕಿಗೆ ಎಂಟರ್, ಬಟನ್ನಿಗೆ ಎಂಟರ್ ಅಥವಾ ಸ್ಪೇಸ್, ರೇಡಿಯೊ ಆಯ್ಕೆಗಳ ನಡುವೆ ಬಾಣದ ಕೀಲಿ, ತೆರೆದ ಪೆಟ್ಟಿಗೆ ಮುಚ್ಚಲು ಎಸ್ಕೇಪ್. ಇಷ್ಟರಲ್ಲಿ ನೀವು ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಲ್ಲಿ ಸ್ಕ್ರೀನ್ ರೀಡರ್ ಬಳಸುವವರು, ಕೈ ನಡುಗುವುದರಿಂದ ಮೌಸ್ ಹಿಡಿಯಲಾಗದವರು, ಒಂದೇ ಸ್ವಿಚ್ಚಿನಿಂದ ಕಂಪ್ಯೂಟರ್ ನಡೆಸುವವರು ಎಲ್ಲರೂ ಸಿಕ್ಕಿಕೊಳ್ಳುತ್ತಾರೆ.

ಬಹುತೇಕ ಸಿಗುವ ದೋಷಗಳು ನಾಲ್ಕು. ಒಂದು, ಎಲ್ಲಿದ್ದೇವೆ, ಅಂದರೆ ಫೋಕಸ್ ಎಲ್ಲಿದೆ, ಎಂಬುದೇ ಕಾಣದಿರುವುದು. ಬ್ರೌಸರ್ ತಾನಾಗಿ ಒಂದು ಚೌಕಟ್ಟು ತೋರಿಸುತ್ತದೆ. ಅದು ಚೆಂದ ಕಾಣಲಿಲ್ಲ ಅಂತ ಯಾರೋ ಸಿಎಸ್‌ಎಸ್‌ನಲ್ಲಿ ಔಟ್‌ಲೈನ್ ನನ್ (outline: none) ಎಂದು ಬರೆದಿರುತ್ತಾರೆ. ಆ ಸಾಲು ಕಿತ್ತುಹಾಕಿ, ಫೋಕಸ್ ವಿಸಿಬಲ್ ಎಂಬ ಸೆಲೆಕ್ಟರ್‌ಗೆ 2 ಪಿಕ್ಸೆಲ್ ದಪ್ಪದ, ಹಿನ್ನೆಲೆಗೆ ಎದ್ದುಕಾಣುವ ಗೆರೆ ಕೊಡಿ. ಎರಡು, ಒತ್ತಬಹುದಾದದ್ದನ್ನು ಬಟನ್ ಟ್ಯಾಗ್ ಬದಲು ಡಿವ್ ಟ್ಯಾಗಿನಲ್ಲಿ ಮಾಡಿರುವುದು. ಡಿವ್ ಮೇಲೆ ಟ್ಯಾಬ್ ನಿಲ್ಲುವುದೇ ಇಲ್ಲ. ಅದಕ್ಕೆ ಅರಿಯಾ (ಸ್ಕ್ರೀನ್ ರೀಡರಿಗೆ ವಿವರ ಕೊಡುವ ಕೋಡ್) ಗುಣಗಳನ್ನು ತೊಡಿಸಿ ಬಟನ್ ಎಂದು ಕರೆಸಿದರೂ ಕೀಲಿಗೆ ಓಗೊಡುವುದು ತಾನಾಗಿ ಬರುವುದಿಲ್ಲ. ‘ಬಟನ್’ ಎಂದು ಓದಿ ಹೇಳಿ, ಒತ್ತಿದರೆ ಸುಮ್ಮನಿರುವ ಬಟನ್ ಮೊದಲಿನದಕ್ಕಿಂತ ಕೆಟ್ಟದ್ದು. ನಿಜವಾದ ಬಟನ್ ಟ್ಯಾಗ್ ಹಾಕಿದರೆ ಇಷ್ಟೂ ಪುಕ್ಕಟೆ ಬರುತ್ತದೆ.

ಮೂರನೆಯದು ಪಾಪ್‌ಅಪ್ ಪೆಟ್ಟಿಗೆಗಳದ್ದು. ಪೆಟ್ಟಿಗೆ ತೆರೆದಾಗ ಫೋಕಸ್ ಅದರೊಳಗೆ ಹೋಗಬೇಕು, ಮುಚ್ಚುವವರೆಗೆ ಅಲ್ಲೇ ಸುತ್ತಬೇಕು, ಎಸ್ಕೇಪ್‌ಗೆ ಮುಚ್ಚಬೇಕು, ಮುಚ್ಚಿದ ಮೇಲೆ ತೆರೆದ ಬಟನ್ನಿಗೇ ಹಿಂದಿರುಗಬೇಕು. ಕೊನೆಯದನ್ನು ಮರೆತರೆ ಫೋಕಸ್ ಪುಟದ ತಲೆಗೆ ಹಾರುತ್ತದೆ, ಬಳಕೆದಾರರು ಮತ್ತೆ ಮೂವತ್ತು ಸಲ ಟ್ಯಾಬ್ ಒತ್ತಬೇಕು. ಎಚ್‌ಟಿಎಂಎಲ್‌ನ ಡೈಲಾಗ್ ಟ್ಯಾಗನ್ನು ಶೋ ಮೋಡಲ್ ವಿಧಾನದಿಂದ ತೆರೆದರೆ ಇದರಲ್ಲಿ ಬಹುಪಾಲನ್ನು ಬ್ರೌಸರೇ ನೋಡಿಕೊಳ್ಳುತ್ತದೆ. ನಾಲ್ಕು, ಮೇಲ್ಗಡೆ ಅಂಟಿಕೊಂಡೇ ಇರುವ ಹೆಡರ್ ಪಟ್ಟಿಯ ಹಿಂದೆ ಫೋಕಸ್ ಅಡಗುವುದು. ಸ್ಕ್ರೋಲ್ ಪ್ಯಾಡಿಂಗ್ ಟಾಪ್ ಎಂಬ ಸಿಎಸ್‌ಎಸ್ ಗುಣದ ಬೆಲೆಯನ್ನು (ವ್ಯಾಲ್ಯೂ) ಹೆಡರಿನ ಎತ್ತರದಷ್ಟು ಕೊಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಪುಟದ ಮೊಟ್ಟಮೊದಲಿಗೆ ‘ಮುಖ್ಯ ವಿಷಯಕ್ಕೆ ಹೋಗಿ’ ಎಂಬ ಲಿಂಕ್ ಇಡಿ. ಟ್ಯಾಬ್ ಒತ್ತಿದಾಗ ಮಾತ್ರ ಅದು ಕಂಡರೂ ಸಾಕು. ಟ್ಯಾಬ್ ಇಂಡೆಕ್ಸ್‌ಗೆ 1, 2, 3 ಎಂದು ಸಂಖ್ಯೆ ಕೊಟ್ಟು ಕ್ರಮ ತಿದ್ದುವ ಆಸೆ ಬೇಡ. ಮುಂದೆ ಒಂದು ಚೌಕ ಸೇರಿಸಿದ ದಿನವೇ ಆ ಕ್ರಮ ಕೆಡುತ್ತದೆ. 0 ಮತ್ತು -1 ಬಿಟ್ಟು ಬೇರೆ ಬೆಲೆಗೆ ಕಾರಣವಿಲ್ಲ.

ಫಾರಂ: ನಿಮ್ಮ ಓದುಗರು ನಿಂತುಹೋದ ಜಾಗ

ಪ್ರತಿ ಚೌಕಕ್ಕೂ ಕಣ್ಣಿಗೆ ಕಾಣುವ ಲೇಬಲ್ ಇರಲಿ, ಮತ್ತು ಲೇಬಲ್ ಟ್ಯಾಗಿನ ಫಾರ್ ಗುಣದ ಬೆಲೆ ಆ ಚೌಕದ ಐಡಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಲಿ. ಜೋಡಣೆ ಸರಿಯಿದೆಯೇ ನೋಡಲು ಸುಲಭ ಉಪಾಯ: ಲೇಬಲ್ ಪದದ ಮೇಲೆ ಕ್ಲಿಕ್ ಮಾಡಿ. ಕರ್ಸರ್ ಚೌಕದೊಳಗೆ ಬಂದರೆ ಸರಿ, ಬರದಿದ್ದರೆ ಕೊಂಡಿ ಕಳಚಿದೆ. ಒಂದೇ ಪುಟದಲ್ಲಿ ಎರಡು ಚೌಕಗಳಿಗೆ ಒಂದೇ ಐಡಿ ಇದ್ದರೂ ಹೀಗಾಗುತ್ತದೆ. ಫಾರಂನ ತುಣುಕನ್ನು ನಕಲು ಮಾಡಿ ಅಂಟಿಸಿದಾಗ ಸಾಮಾನ್ಯವಾಗಿ ಸಿಗುವ ತಪ್ಪು ಇದು.

ಚೌಕದೊಳಗೆ ಬೂದುಬಣ್ಣದಲ್ಲಿ ಕಾಣುವ ಪ್ಲೇಸ್‌ಹೋಲ್ಡರ್ ಲೇಬಲ್ಲಿನ ಬದಲಿಯಲ್ಲ. ಬರೆಯಲು ಶುರುಮಾಡಿದೊಡನೆ ಅದು ಮಾಯ. ಮರೆವಿರುವವರು, ಗಮನ ಚದುರುವವರು ಅರ್ಧ ತುಂಬಿ ತಿರುಗಿ ನೋಡಿದರೆ ಯಾವ ಚೌಕ ಯಾವುದಕ್ಕೆ ಎಂದು ತಿಳಿಯದು. ಲೇಬಲ್ ಇಲ್ಲದ ಕಡೆ ಬ್ರೌಸರ್ ಪ್ಲೇಸ್‌ಹೋಲ್ಡರನ್ನೇ ಹೆಸರಾಗಿ ಕೊಡುವುದರಿಂದ ಕೆಲವು ಚೌಕ ಓದಿಸಿಕೊಂಡೂಬಿಡುತ್ತವೆ. ಅದನ್ನು ನೋಡಿ ಸರಿಯಿದೆ ಅಂದುಕೊಳ್ಳಬೇಡಿ.

ರೇಡಿಯೊ ಬಟನ್‌ಗಳ ಗುಂಪಿಗೆ ಫೀಲ್ಡ್‌ಸೆಟ್ ಮತ್ತು ಲೆಜೆಂಡ್ ಬೇಕು. ಇಲ್ಲದಿದ್ದರೆ ಕಿವಿಗೆ ‘ಹೌದು, ಇಲ್ಲ’ ಬೀಳುತ್ತದೆ, ಪ್ರಶ್ನೆ ಬೀಳುವುದಿಲ್ಲ. ಹೆಸರು, ಇಮೇಲ್, ಫೋನ್ ಚೌಕಗಳಿಗೆ ಆಟೋಕಂಪ್ಲೀಟ್ ಗುಣವನ್ನು ಸರಿಯಾದ ಬೆಲೆಯೊಂದಿಗೆ ಕೊಡಿ; ಒಂದೊಂದು ಅಕ್ಷರಕ್ಕೂ ಶ್ರಮಪಡುವವರಿಗೆ ಬ್ರೌಸರ್ ತಾನೇ ತುಂಬಿಕೊಡುತ್ತದೆ. ಹುಟ್ಟಿದ ದಿನಕ್ಕೆ ಕ್ಯಾಲೆಂಡರ್ ತೆರೆದು ತಿಂಗಳು ತಿಂಗಳಾಗಿ ಹಿಂದೆ ಸರಿಸುವ ಶಿಕ್ಷೆ ಬೇಡ. ದಿನ, ತಿಂಗಳು, ವರ್ಷಕ್ಕೆ ಲೇಬಲ್ ಇರುವ ಮೂರು ಚೌಕ ಇಟ್ಟುಬಿಡಿ.

ಎಲ್ಲ ತುಂಬುವವರೆಗೆ ಕಳಿಸುವ ಬಟನ್ ಮಂಕಾಗಿರಲಿ ಎಂಬ ವಿನ್ಯಾಸ ನೋಡಲು ಅಚ್ಚುಕಟ್ಟು. ಆದರೆ ನಿಷ್ಕ್ರಿಯ ಬಟನ್ ಮೇಲೆ ಟ್ಯಾಬ್ ನಿಲ್ಲದು, ಹಾಗಾಗಿ ಟ್ಯಾಬ್ ಒತ್ತುತ್ತಾ ಬರುವವರ ಮಟ್ಟಿಗೆ ಆ ಬಟನ್ನೇ ಇಲ್ಲ. ಯಾವಾಗಲೂ ಒತ್ತಲು ಬಿಡಿ, ಒತ್ತಿದ ಮೇಲೆ ತಪ್ಪು ಹೇಳಿ. ತಪ್ಪು ಹೇಳುವ ರೀತಿ: ಫಾರಂ ಮೇಲ್ಗಡೆ ‘2 ಕಡೆ ತಿದ್ದಬೇಕು’ ಎಂಬ ಸಾರಾಂಶ ಮೂಡಬೇಕು, ಫೋಕಸ್ ಅಲ್ಲಿಗೆ ಹೋಗಬೇಕು, ಅದರಲ್ಲಿನ ಪ್ರತಿ ಸಾಲೂ ಆಯಾ ಚೌಕಕ್ಕೆ ಲಿಂಕ್ ಆಗಿರಬೇಕು. ಚೌಕದ ಪಕ್ಕದಲ್ಲಿ ಅದೇ ಮಾತು ಇದ್ದು, ಅರಿಯಾ ಡಿಸ್ಕ್ರೈಬ್ಡ್‌ಬೈ ಗುಣದಿಂದ ಚೌಕಕ್ಕೆ ಕಟ್ಟಿರಬೇಕು. ಚೌಕಕ್ಕೆ ಅರಿಯಾ ಇನ್ವ್ಯಾಲಿಡ್ ಟ್ರೂ ಆಗಿರಬೇಕು. ಬರೀ ಕೆಂಪು ಗೆರೆ ಎಳೆದರೆ ಕಣ್ಣು ಕಾಣದವರಿಗೂ ಇಲ್ಲ, ಕೆಂಪು ಹಸಿರು ಬೇರ್ಪಡಿಸಲಾಗದವರಿಗೂ ಇಲ್ಲ. ಇನ್ನು ಮಾತು: ‘ಅಮಾನ್ಯ ನಮೂದು’ ಯಾರಿಗೂ ಏನೂ ಹೇಳುವುದಿಲ್ಲ. ‘ಇಮೇಲ್ ವಿಳಾಸದಲ್ಲಿ @ ಚಿಹ್ನೆ ಬಿಟ್ಟುಹೋಗಿದೆ’ ಎನ್ನಿ.

‘ನೋಂದಣಿ ಆಯಿತು’ ಎಂಬ ಸಂದೇಶ ಪುಟ ಬದಲಾಗದೆ ಅಲ್ಲೇ ಮೂಡುವುದಾದರೆ ಅದು ಲೈವ್ ರೀಜನ್ (ಮಾತು ಬದಲಾದೊಡನೆ ಓದಬೇಕೆಂದು ಗುರುತು ಹಾಕಿದ ಜಾಗ) ಒಳಗಿರಬೇಕು, ಆಗಲೇ ಸ್ಕ್ರೀನ್ ರೀಡರ್ ಅದನ್ನು ತಾನಾಗಿ ಓದುವುದು. ಎಲ್ಲ ಸರಿಯಾಗಿ ಬರೆದರೂ ಓದುತ್ತಿಲ್ಲ ಎಂಬ ದೂರಿಗೆ ಬಹುಮಟ್ಟಿಗೆ ಕಾರಣ ಇದು: ಆ ಖಾಲಿ ಜಾಗವನ್ನು ಮೊದಲೇ ಪುಟದಲ್ಲಿಟ್ಟಿರದೆ, ಜಾಗವನ್ನೂ ಮಾತನ್ನೂ ಒಟ್ಟಿಗೆ ತಂದು ಸೇರಿಸಿರುತ್ತಾರೆ. ಖಾಲಿ ಜಾಗ ಮೊದಲಿಂದ ಇರಲಿ, ಮಾತು ಆಮೇಲೆ ಬರಲಿ.

ಕ್ಯಾಪ್ಚಾ (ತುಂಬುತ್ತಿರುವುದು ಯಂತ್ರವಲ್ಲ, ಮನುಷ್ಯರೇ ಎಂದು ನೋಡುವ ಪರೀಕ್ಷೆ) ಇದ್ದರೆ ತೆಗೆಯುವ ದಾರಿ ಹುಡುಕಿ. ಚಿತ್ರದ ಕ್ಯಾಪ್ಚಾ ಅಂಧರನ್ನು ಹೊರಗಿಡುತ್ತದೆ. ಧ್ವನಿಯ ಪರ್ಯಾಯ ಕೊಟ್ಟರೂ ಕಣ್ಣು, ಕಿವಿ ಎರಡೂ ಇಲ್ಲದವರು ಉಳಿದೇ ಉಳಿಯುತ್ತಾರೆ. ನಿಮ್ಮಂಥ ಸಣ್ಣ ಫಾರಂಗೆ ಮನುಷ್ಯರಿಗೆ ಕಾಣದ, ಯಂತ್ರಗಳು ಮಾತ್ರ ತುಂಬಿ ಸಿಕ್ಕಿಬೀಳುವ ಬಲೆ ಚೌಕವೊಂದು ಮತ್ತು ಒಂದೇ ಕಡೆಯಿಂದ ಬರುವ ಕೋರಿಕೆಗಳಿಗೆ ಮಿತಿ, ಇವೆರಡೇ ಬಹಳಷ್ಟು ಕಸ (ಸ್ಪ್ಯಾಮ್) ತಡೆಯುತ್ತವೆ. ಆ ಬಲೆ ಚೌಕವನ್ನು ಸ್ಕ್ರೀನ್ ರೀಡರಿನಿಂದಲೂ ಟ್ಯಾಬ್ ಸರದಿಯಿಂದಲೂ ಮರೆಮಾಡಲು ಮರೆಯಬೇಡಿ, ಇಲ್ಲದಿದ್ದರೆ ಬಲೆಗೆ ಬೀಳುವವರು ಅಂಧರೇ. ಒಟಿಪಿಗೆ ಆರು ಪುಟ್ಟ ಚೌಕಗಳ ಬದಲು ಒಂದೇ ಚೌಕ ಇಟ್ಟು, ಅಂಟಿಸಲು ಬಿಡಿ. ಪಾಸ್‌ವರ್ಡ್ ಅಂಟಿಸುವುದನ್ನು ತಡೆದರೆ ಅದು 2.2ನೇ ಆವೃತ್ತಿಯ ಹೊಸ ನಿಯಮಕ್ಕೂ ವಿರುದ್ಧವಾಗುತ್ತದೆ. ಸಮಯ ಮುಗಿಯುವ ಫಾರಂ ಆದರೆ ಮುಗಿಯುವ ಮುನ್ನ ಎಚ್ಚರಿಸಿ, ಒಂದೇ ಕೀಲಿಯಿಂದ ಮುಂದೂಡಲು ಕನಿಷ್ಠ 20 ಸೆಕೆಂಡ್ ಕೊಡಿ.

ಕನ್ನಡದ ಫಾರಂಗಳಲ್ಲಿ ಇನ್ನೊಂದು ತೊಡಕಿದೆ. ಹೆಸರಿನ ಚೌಕದಲ್ಲಿ ಅಕ್ಷರಗಳನ್ನಷ್ಟೇ ಒಪ್ಪುವ ತಪಾಸಣೆ ಬರೆಯುವಾಗ ಯುನಿಕೋಡಿನ ಅಕ್ಷರ ವರ್ಗವನ್ನು ಮಾತ್ರ ಹಾಕಿದರೆ ಕಾಗುಣಿತದ ಚಿಹ್ನೆಗಳೂ ಅರ್ಧಾಕ್ಷರ, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆಯೂ (್) ಹೊರಗುಳಿದು, ಸರಿಯಾದ ಹೆಸರೂ ತಪ್ಪೆನಿಸಿಕೊಳ್ಳುತ್ತದೆ, ಏಕೆಂದರೆ ಅವು ಯುನಿಕೋಡಿನಲ್ಲಿ ಮಾರ್ಕ್ ಎಂಬ ಬೇರೆ ವರ್ಗ. ಎರಡನ್ನೂ ಸೇರಿಸಿ. ‘ರ‍್ಯಾಂಕ್’ನಂಥ ಪದದಲ್ಲಿ ಕಣ್ಣಿಗೆ ಕಾಣದ ಜಾಯ್ನರ್ ಸಂಕೇತವೊಂದು ಅಡಗಿರುತ್ತದೆ, ಅದನ್ನೂ ಒಪ್ಪಿ. ಅಕ್ಷರಮಿತಿ ಹಾಕುವಾಗ ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರವಾದರೂ ಕಂಪ್ಯೂಟರಿಗೆ ಆರು ಎಂಬುದು ನೆನಪಿರಲಿ.

ಪಿಡಿಎಫ್‌ನಿಂದ ಬರುವ ಆ ಅರ್ಥವಿಲ್ಲದ ಸದ್ದು

ಇದಕ್ಕೆ ಮೂರು ಕಾರಣಗಳಿರಬಹುದು. ಪಿಡಿಎಫ್ ತೆರೆದು ಒಂದು ಪ್ಯಾರಾ ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಏನೂ ಆಯ್ಕೆಯಾಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಓಸಿಆರ್ ಮಾಡಿಸಬೇಕು, ಅಂದರೆ ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸಬೇಕು; ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಗುರುತಿಸುತ್ತದೆ. ಒತ್ತಕ್ಷರಗಳಲ್ಲಿ ಮತ್ತು ಒಂದಕ್ಕೊಂದು ಹೋಲುವ ಅಕ್ಷರಗಳಲ್ಲಿ ತಪ್ಪು ಬರುವುದರಿಂದ ಕರಡು ತಿದ್ದುವ ಕೆಲಸ ತಪ್ಪಿದ್ದಲ್ಲ.

ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಬಿದ್ದರೆ ಅದು ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಸಿದ್ಧವಾದದ್ದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷಿನ ಚೂರುಗಳು. ಸ್ಕ್ರೀನ್ ರೀಡರ್ ಒಳಗಿರುವುದನ್ನೇ ಓದುತ್ತದೆ. ಅದೇ ಕಾರಣಕ್ಕೆ ಆ ಬರಹ ಹುಡುಕಾಟದಲ್ಲೂ ಸಿಗುವುದಿಲ್ಲ. ಮೂಲ ಕಡತವನ್ನು ಪರಿವರ್ತಕದಿಂದ ಯುನಿಕೋಡಿಗೆ ತಂದು, ಅರ್ಕಾವತ್ತು, ಮೂರು ವ್ಯಂಜನ ಕೂಡಿದ ಒತ್ತಕ್ಷರ, ನಡುವೆ ಬಂದ ಇಂಗ್ಲಿಷ್ ಪದ ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾರೆ ನೋಡಿ. ಪರಿವರ್ತಕಗಳು ಮುಗ್ಗರಿಸುವುದು ಅಲ್ಲೇ.

ಮೂರನೆಯದು ಹೆಚ್ಚು ಮೋಸದ್ದು. ಕನ್ನಡ ಕಾಣುತ್ತದೆ, ಆದರೆ ಒತ್ತುಗಳೂ ಕಾಗುಣಿತವೂ ಸ್ಥಾನಪಲ್ಲಟವಾಗಿರುತ್ತವೆ. ಬರೆದದ್ದು ಯುನಿಕೋಡಿನಲ್ಲೇ. ಆದರೆ ಪಿಡಿಎಫ್ ಉಳಿಸಿಕೊಳ್ಳುವುದು ಅಕ್ಷರದ ಆಕಾರಗಳನ್ನು. ಯಾವ ಆಕಾರ ಯಾವ ಅಕ್ಷರಕ್ಕೆ ಎಂಬ ಕೋಷ್ಟಕ ಅಪೂರ್ಣವಾಗಿದ್ದರೆ, ಒಂದೇ ಅಕ್ಷರ ಹಲವು ತುಣುಕಾಗುವ ನಮ್ಮಂಥ ಲಿಪಿಗಳಲ್ಲಿ ಕ್ರಮ ಹಾಳಾಗುತ್ತದೆ. ಇದಕ್ಕೆ ನನ್ನ ಸಲಹೆ ನೇರವಾದದ್ದು: ಓದಬೇಕಾದ ಬರಹವನ್ನು ವೆಬ್ ಪುಟವಾಗಿಯೇ ಹಾಕಿ, ಮುದ್ರಿಸಿಕೊಳ್ಳುವವರಿಗಾಗಿ ಮಾತ್ರ ಪಿಡಿಎಫ್ ಜೊತೆಗಿಡಿ. ಪಿಡಿಎಫ್ ಬೇಕೇಬೇಕಾದಲ್ಲಿ ವರ್ಡ್‌ನಲ್ಲಿ ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಕೊಟ್ಟು, ಪಿಡಿಎಫ್ ಆಗಿ ಉಳಿಸುವಾಗ ಆಕ್ಸೆಸಿಬಿಲಿಟಿ ಟ್ಯಾಗ್‌ಗಳ ಆಯ್ಕೆಗೆ ಟಿಕ್ ಹಾಕಿ. ‘ಪ್ರಿಂಟ್’ ಮೂಲಕ ಪಿಡಿಎಫ್ ಮಾಡಿದರೆ ಆ ಟ್ಯಾಗ್‌ಗಳು ಸಾಮಾನ್ಯವಾಗಿ ಉದುರಿಹೋಗುತ್ತವೆ. ಹಳೆಯ ಪಿಡಿಎಫ್‌ಗಳು ನೂರಾರಿದ್ದರೆ ಹೆಚ್ಚು ಇಳಿಕೆಯಾಗುವ ಹತ್ತನ್ನು ಮೊದಲು ಹಿಡಿದುಕೊಳ್ಳಿ.

ವೆಬ್ ಪುಟದಲ್ಲೂ ಭಾಷೆಯ ಗುರುತು ಬೇಕು. ಬಹುತೇಕ ಥೀಮ್‌ಗಳು ಎಚ್‌ಟಿಎಂಎಲ್ ಟ್ಯಾಗಿನ ಲ್ಯಾಂಗ್ ಗುಣದಲ್ಲಿ ಇಂಗ್ಲಿಷ್ ಎಂದು ಬರೆದುಕೊಂಡೇ ಬರುತ್ತವೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯನ್ನು ಆರಿಸಿಕೊಂಡು ಕನ್ನಡವನ್ನು ತಪ್ಪಾಗಿ ಉಚ್ಚರಿಸಬಹುದು, ಇಲ್ಲವೇ ಪೂರ್ತಿ ಹಾರಿಸಿಬಿಡಬಹುದು. ಅಲ್ಲಿ ಕನ್ನಡದ ಎರಡಕ್ಷರದ ಸಂಕೇತ, ಅಂದರೆ ಕೆ ಮತ್ತು ಎನ್, ಹಾಕಿ. ನಡುವೆ ಬರುವ ಇಡೀ ಇಂಗ್ಲಿಷ್ ವಾಕ್ಯಗಳಿಗೆ ಮಾತ್ರ ಇಂಗ್ಲಿಷಿನ ಗುರುತು ಕೊಡಿ. ಬಿಡಿ ಪದಗಳಿಗೆ ಬೇಡ, ಧ್ವನಿ ಪದೇಪದೇ ಬದಲಾದರೆ ಕೇಳಲು ಹಿಂಸೆ. ಹಾಗೆಯೇ ಪುಟದಲ್ಲಿ ಕಣ್ಣಿಗೆ ಕಾಣದ ಮಾತುಗಳನ್ನು ಹುಡುಕಿ ಕನ್ನಡಕ್ಕೆ ತನ್ನಿ: ಮೆನು ತೆರೆಯುವ, ಪೆಟ್ಟಿಗೆ ಮುಚ್ಚುವ, ಮುಂದಿನ ಚಿತ್ರಕ್ಕೆ ಹೋಗುವ ಐಕಾನ್‌ಗಳ ಅರಿಯಾ ಲೇಬಲ್. ಅನುವಾದಕರ ಕಣ್ಣಿಗೆ ಬೀಳದ ಕಾರಣ ಇವು ವರ್ಷಗಟ್ಟಲೆ ಇಂಗ್ಲಿಷಿನಲ್ಲೇ ಉಳಿದಿರುತ್ತವೆ. ಕಾಣುವ ಬಟನ್ನಿನ ಮೇಲೆ ‘ಕಳಿಸಿ’ ಎಂದಿದ್ದು ಒಳಗಿನ ಲೇಬಲ್ ಬೇರೇನೋ ಆಗಿದ್ದರೆ, ಮಾತಿನಲ್ಲೇ ಆಜ್ಞೆ ಕೊಟ್ಟು ಕಂಪ್ಯೂಟರ್ ನಡೆಸುವವರು ‘ಕಳಿಸಿ’ ಅಂದರೂ ಅದು ಅಲ್ಲಾಡುವುದಿಲ್ಲ.

ಬರಹಗಾರರ ಪಾಲಿನ ಕೆಲಸ

ನಿಮ್ಮ ಇಬ್ಬರು ಬರಹಗಾರರು ಡೆವಲಪರ್‌ಗಾಗಿ ಕಾಯದೆ ಇಂದೇ ಶುರುಮಾಡಬಹುದಾದದ್ದು ಬೇಕಾದಷ್ಟಿದೆ. ಶೀರ್ಷಿಕೆಗಳನ್ನು ದಪ್ಪ ಅಕ್ಷರ ಮಾಡಿ ಬಿಡಬೇಡಿ, ಎಡಿಟರಿನ ಹೆಡಿಂಗ್ 2, ಹೆಡಿಂಗ್ 3 ಆರಿಸಿ. ಸ್ಕ್ರೀನ್ ರೀಡರ್ ಬಳಸುವವರು ಉದ್ದ ಪುಟವನ್ನು ಮೊದಲಿಂದ ಕೊನೆವರೆಗೆ ಕೇಳುವುದಿಲ್ಲ. ಎಚ್ ಕೀಲಿ ಒತ್ತುತ್ತಾ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತಾರೆ, ನಾವು ಕಣ್ಣಾಡಿಸಿದ ಹಾಗೆ. ಅಕ್ಷರ ದೊಡ್ಡದು ಕಾಣಲೆಂದು ಹೆಡಿಂಗ್ ಆರಿಸುವುದೂ ತಪ್ಪು. ‘ಇಲ್ಲಿ ಕ್ಲಿಕ್ ಮಾಡಿ’ ಬಿಡಿ: ಲಿಂಕುಗಳನ್ನಷ್ಟೇ ಪಟ್ಟಿ ಮಾಡಿ ಕೇಳುವವರಿಗೆ ಹದಿನೈದು ಸಲ ‘ಇಲ್ಲಿ’ ಕೇಳಿಸುತ್ತದೆ. ‘ಮೂರನೇ ಪಾಠದ ಅಭ್ಯಾಸ ಹಾಳೆ, ಪಿಡಿಎಫ್’ ಎಂದು ಬರೆಯಿರಿ.

ಚಿತ್ರದ ಆಲ್ಟ್ ಪಠ್ಯದ (ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ವಿವರ) ಬಗ್ಗೆ ಎಲ್ಲರೂ ಕೇಳುವುದು ಎಷ್ಟು ಉದ್ದ ಇರಬೇಕು ಎಂದು. ಅದಕ್ಕಿಂತ ಮುಖ್ಯವಾದದ್ದು, ಚಿತ್ರ ಅಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬುದು. ಹುಡುಕುವ ಬಟನ್ನಿನ ಭೂತಗನ್ನಡಿ ಚಿತ್ರಕ್ಕೆ ಆಲ್ಟ್ ‘ಹುಡುಕಿ’, ‘ಭೂತಗನ್ನಡಿ’ ಅಲ್ಲ. ಬರೀ ಅಲಂಕಾರದ ಬಳ್ಳಿ, ಗೆರೆಗಳಿಗೆ ಆಲ್ಟ್ ಗುಣ ಇರಬೇಕು, ಆದರೆ ಖಾಲಿ ಇರಬೇಕು. ಗುಣವನ್ನೇ ಬಿಟ್ಟುಬಿಟ್ಟರೆ ಕೆಲವು ಸ್ಕ್ರೀನ್ ರೀಡರ್‌ಗಳು ಕಡತದ ಹೆಸರನ್ನೇ ಅಂಕಿ ಅಂಕಿಯಾಗಿ ಓದುತ್ತವೆ. ‘ಚಿತ್ರ’ ಎಂಬ ಪದದಿಂದ ಶುರುಮಾಡಬೇಡಿ, ಅದನ್ನು ಸ್ಕ್ರೀನ್ ರೀಡರೇ ಹೇಳುತ್ತದೆ. ನಕ್ಷೆ, ಗ್ರಾಫ್‌ಗಳಿಗೆ ಆಲ್ಟ್‌ನಲ್ಲಿ ಒಂದೇ ವಾಕ್ಯದ ತಾತ್ಪರ್ಯ ಕೊಟ್ಟು ಅಂಕಿಗಳನ್ನು ಕೆಳಗೆ ಕೋಷ್ಟಕವಾಗಿ ಹಾಕಿ. ಕಾರ್ಯಕ್ರಮದ ಪೋಸ್ಟರನ್ನು ಚಿತ್ರವಾಗಿ ಹಾಕಿ ಕೈತೊಳೆದುಕೊಳ್ಳುವ ರೂಢಿಯೊಂದಿದೆಯಲ್ಲ, ಅದನ್ನು ನಿಲ್ಲಿಸಿ. ದಿನಾಂಕ, ವೇಳೆ, ಜಾಗ ಪುಟದಲ್ಲಿ ಪಠ್ಯವಾಗಿಯೂ ಇರಲಿ.

ವಿಡಿಯೊ ಪಾಠಗಳಿಗೆ ಶೀರ್ಷಿಕೆಸಾಲು, ಅಂದರೆ ಕ್ಯಾಪ್ಶನ್, ಕಡ್ಡಾಯ ಎಂದೇ ಇಟ್ಟುಕೊಳ್ಳಿ. ತಾನಾಗಿ ಹುಟ್ಟುವ ಕ್ಯಾಪ್ಶನ್ ಒಳ್ಳೆಯ ಕರಡು, ಅಷ್ಟೇ. ಹೆಸರು, ಅಂಕಿ, ಪಾರಿಭಾಷಿಕ ಪದಗಳಲ್ಲಿ ಅದು ಎಡವುತ್ತದೆ, ಪಾಠದಲ್ಲಿ ಮುಖ್ಯವಾದವೂ ಅವೇ. ತಿದ್ದಿ, ವೆಬ್‌ವಿಟಿಟಿ ಕಡತವಾಗಿ ಯುಟಿಎಫ್-8ರಲ್ಲಿ ಉಳಿಸಿ, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನೆಚಿಹ್ನೆಗಳು ಕಾಣುತ್ತವೆ. ಒಮ್ಮೆಗೆ ಎರಡು ಸಾಲು ಮೀರದಿರಲಿ, ಅರ್ಥಕ್ಕೆ ಬೇಕಾದ ಸದ್ದುಗಳನ್ನೂ ಆವರಣದಲ್ಲಿ ಬರೆಯಿರಿ. ಅಂಧರಿಗಾಗಿ ಆಮೇಲೆ ಧ್ವನಿವಿವರಣೆ ಸೇರಿಸುವುದು ದುಬಾರಿ ಕೆಲಸ. ಅದಕ್ಕಿಂತ ಪಾಠ ಮಾಡುವವರೇ ಚಿತ್ರೀಕರಣದ ವೇಳೆ ‘ಇದನ್ನು ಇಲ್ಲಿ ಹೀಗೆ’ ಎನ್ನದೆ, ‘ಎಡಗಡೆಯ ಕೆಂಪು ತಂತಿಯನ್ನು ಮೇಲಿನ ತಿರುಪಿಗೆ’ ಎಂದು ಬಾಯಿಬಿಟ್ಟು ಹೇಳಿದರೆ ಬಹುಪಾಲು ಪಾಠಗಳಿಗೆ ಅದರ ಅಗತ್ಯವೇ ಬೀಳದು. ಪುಟ ತೆರೆದೊಡನೆ ತಾನಾಗಿ ಓಡುವ ಧ್ವನಿ ಬೇಡ: 3 ಸೆಕೆಂಡ್ ಮೀರಿದರೆ ನಿಲ್ಲಿಸುವ ಸೌಲಭ್ಯ ಇರಲೇಬೇಕು ಎನ್ನುತ್ತದೆ ನಿಯಮ, ಅಷ್ಟರಲ್ಲಿ ಅದು ಸ್ಕ್ರೀನ್ ರೀಡರಿನ ಮಾತನ್ನು ಮುಳುಗಿಸಿರುತ್ತದೆ.

ಬಣ್ಣ, ಅಳತೆ

ಇಲ್ಲಿ ವಾದಕ್ಕೆ ಜಾಗವಿಲ್ಲ, ಎಲ್ಲ ಅಂಕಿಗಳಲ್ಲಿದೆ. ಸಾಮಾನ್ಯ ಪಠ್ಯ ಮತ್ತು ಹಿನ್ನೆಲೆಯ ಕಾಂಟ್ರಾಸ್ಟ್ ಕನಿಷ್ಠ 4.5:1, 24 ಪಿಕ್ಸೆಲ್ ಅಥವಾ ಅದಕ್ಕಿಂತ ದೊಡ್ಡ ಪಠ್ಯಕ್ಕೂ ಚೌಕಗಳ ಗೆರೆಗೂ 3:1. ಬಿಳಿಯ ಮೇಲೆ #767676 ಬೂದುಬಣ್ಣ 4.54ರಲ್ಲಿ ಪಾಸಾಗುತ್ತದೆ, #777777 ಕೂದಲೆಳೆಯಲ್ಲಿ ಫೇಲು. ವಿನ್ಯಾಸಕಾರರು ಇಷ್ಟಪಡುವ #999999 ಬರೀ 2.85. ಗಡಿಯಲ್ಲಿ ಕೂರುವ ಬದಲು #595959 ಆರಿಸಿದರೆ 7:1 ಸಿಗುತ್ತದೆ.

ಬ್ರೌಸರ್ ಕಿಟಕಿಯನ್ನು 1280 ಪಿಕ್ಸೆಲ್ ಅಗಲಕ್ಕಿಟ್ಟು 400 ಶೇಕಡಾ ಹಿಗ್ಗಿಸಿ. ಅದು 320 ಪಿಕ್ಸೆಲ್ ಪರದೆಗೆ ಸಮ. ಅಡ್ಡಡ್ಡ ಸರಿಸದೆ ಓದಲು ಆಗಬೇಕು. ಫೋನಿನಲ್ಲಿ ಬೆರಳಿನಿಂದ ಹಿಗ್ಗಿಸಲು ಆಗದಿದ್ದರೆ ವ್ಯೂಪೋರ್ಟ್ ಮೆಟಾ ಟ್ಯಾಗಿನಲ್ಲಿ ಯೂಸರ್ ಸ್ಕೇಲಬಲ್ ನೋ ಎಂದಿರುತ್ತದೆ, ಅಳಿಸಿ. ಸಾಲಿನ ಎತ್ತರ 1.5ಕ್ಕಿಂತ ಕಡಿಮೆ ಬೇಡ. ಕನ್ನಡದಲ್ಲಿ ಒತ್ತುಗಳು ಕೆಳಗಿಳಿಯುವುದರಿಂದ 1.6, 1.7 ಇನ್ನೂ ಹಿತ; ಬಟನ್, ಮೆನುಗಳಿಗೆ ಎತ್ತರ ನಿಗದಿಪಡಿಸಿದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ, ಒಳಗಿನ ಪಠ್ಯದಂತೆ ಬೆಳೆಯಲು ಬಿಡಿ. ವಾಲು ಅಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ, ಒತ್ತಿ ಹೇಳಲು ದಪ್ಪವೇ ಸಾಕು. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಚೌಕ. ತಾನಾಗಿ ಸರಿಯುವ ಚಿತ್ರಮಾಲೆ 5 ಸೆಕೆಂಡ್ ಮೀರಿದರೆ ನಿಲ್ಲಿಸುವ ಬಟನ್ ಬೇಕು. ಇಡೀ ಚಿತ್ರಮಾಲೆಯನ್ನೇ ತೆಗೆದರೆ ಅದಕ್ಕಾಗಿ ಯಾರೂ ಅಳುವುದಿಲ್ಲ. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಮಿನುಗುವುದಂತೂ ಕೂಡದು, ಅಪಸ್ಮಾರ ಇರುವವರಿಗೆ ಅದು ನಿಜಕ್ಕೂ ಅಪಾಯ.

ಸರಿಹೋಯಿತೇ ಎಂದು ತಿಳಿಯುವುದು ಹೇಗೆ?

ಆಕ್ಸ್, ವೇವ್, ಲೈಟ್‌ಹೌಸ್ ಎಂಬ ಉಚಿತ ತಪಾಸಕಗಳಿವೆ. ಲೇಬಲ್ ಇಲ್ಲದ ಚೌಕ, ಮಂದ ಬಣ್ಣ, ಆಲ್ಟ್ ಇಲ್ಲದ ಚಿತ್ರ ಅವಕ್ಕೆ ಸಿಗುತ್ತವೆ. ಆಲ್ಟ್‌ನಲ್ಲಿ ಬರೆದದ್ದು ನಿಜವೋ ಸುಳ್ಳೋ, ಟ್ಯಾಬ್ ಸರದಿ ಅರ್ಥಪೂರ್ಣವೋ ಎಂಬುದು ಸಿಗುವುದಿಲ್ಲ. ಲೈಟ್‌ಹೌಸ್ 100 ಅಂಕ ಕೊಟ್ಟ ಪುಟದಲ್ಲೂ ಫಾರಂ ಕಳಿಸಲಾಗದ ಸ್ಥಿತಿ ಇರಬಹುದು.

ವಿಂಡೋಸ್‌ಗೆ ಎನ್‌ವಿಡಿಎ ಉಚಿತ ಸ್ಕ್ರೀನ್ ರೀಡರ್. ಅದರ ಜೊತೆಗೇ ಬರುವ ಈಸ್ಪೀಕ್ ಧ್ವನಿ ಕನ್ನಡ ಓದುತ್ತದೆ, ಸ್ವರ ಯಾಂತ್ರಿಕವಾದರೂ ಪರೀಕ್ಷೆಗೆ ಸಾಕು. ಅದರ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ಆನ್ ಮಾಡಿದರೆ ಹೇಳಿದ್ದೆಲ್ಲ ಅಕ್ಷರದಲ್ಲೂ ಕಾಣುತ್ತದೆ. ಹೊಸಬರಿಗೆ ಇದಿಲ್ಲದೆ ಕಷ್ಟ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಆಪಲ್ ಸಾಧನಗಳಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತವೆ. ಟಾಕ್‌ಬ್ಯಾಕ್ ಆನ್ ಮಾಡುವ ಮುನ್ನ ಆಫ್ ಮಾಡುವುದು ಹೇಗೆಂದು ಓದಿಕೊಳ್ಳಿ, ಆನ್ ಆದ ಮೇಲೆ ಮುಟ್ಟುವ ರೀತಿಯೇ ಬದಲಾಗುತ್ತದೆ. ಪುಟಗಳನ್ನು ಸುಮ್ಮನೆ ಕೇಳುತ್ತಾ ಹೋಗದೆ ಕೆಲಸ ಇಟ್ಟುಕೊಂಡು ಪರೀಕ್ಷಿಸಿ: ಒಂದು ಲೇಖನ ಹುಡುಕಿ ಓದುವುದು, ವಿಡಿಯೊ ಓಡಿಸಿ ನಿಲ್ಲಿಸುವುದು, ಫಾರಂನಲ್ಲಿ ಬೇಕೆಂದೇ ತಪ್ಪು ತುಂಬಿ ತಿದ್ದಿ ಕಳಿಸುವುದು.

ಕಣ್ಣು ಕಾಣುವವರು ಸ್ಕ್ರೀನ್ ರೀಡರಿನಲ್ಲಿ ಮಾಡುವ ಪರೀಕ್ಷೆಗೆ ಮಿತಿಯಿದೆ. ಕೇಳಿಸದ್ದನ್ನು ಕಣ್ಣು ತುಂಬಿಕೊಟ್ಟುಬಿಡುತ್ತದೆ. ಮೇಲಿನ ತಿದ್ದುಪಡಿಗಳು ಮುಗಿದ ಮೇಲೆ ದಿನವೂ ಬಳಸುವ ಇಬ್ಬರು ಮೂವರಿಂದ, ಬೇರೆ ಬೇರೆ ಅಂಗವೈಕಲ್ಯ ಇರುವವರಿಂದ, ಸಂಭಾವನೆ ಕೊಟ್ಟು ಪರೀಕ್ಷೆ ಮಾಡಿಸಿ. ಮೊದಲೇ ಕರೆದರೆ ತಪಾಸಕ ಹೇಳಬಹುದಾಗಿದ್ದನ್ನೇ ಅವರ ಬಾಯಿಂದ ಹೇಳಿಸಿದಂತಾಗುತ್ತದೆ. ನಿಮಗೆ ಬರೆದ ಓದುಗರಿಗೆ ಮಾತ್ರ ಈಗಲೇ ಉತ್ತರಿಸಿ: ಯಾವ ಬ್ರೌಸರ್, ಯಾವ ಸ್ಕ್ರೀನ್ ರೀಡರ್ ಎಂದು ಕೇಳಿ, ಫಾರಂ ಸರಿಯಾಗುವವರೆಗೆ ಇಮೇಲ್ ಅಥವಾ ಫೋನ್ ಮೂಲಕ ಅವರ ಹೆಸರು ನೋಂದಾಯಿಸಿಕೊಳ್ಳಿ. ಅದೇ ಪರ್ಯಾಯ ದಾರಿಯನ್ನು ಜಾಲತಾಣದಲ್ಲೂ ಒಂದು ಪುಟ ಮಾಡಿ ಹಾಕಿ. ಯಾವುದು ಸರಿಯಿದೆ, ಯಾವುದು ಇನ್ನೂ ಸರಿಯಿಲ್ಲ, ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕ ಯಾವುದು, ತೊಂದರೆಯಾದರೆ ಯಾರಿಗೆ ಬರೆಯಬೇಕು ಎಂಬಿಷ್ಟು ಅದರಲ್ಲಿರಲಿ, ಮತ್ತು ಆ ಪುಟದ ಲಿಂಕ್ ಫಾರಂಗಿಂತ ಮೇಲೆ ಇರಲಿ. ಕೆಳಗಿದ್ದರೆ ಫಾರಂನಲ್ಲಿ ಸಿಕ್ಕಿಬಿದ್ದವರು ಅಲ್ಲಿಯವರೆಗೆ ತಲುಪುವುದೇ ಇಲ್ಲ.